ಓದುಗರ ಪ್ರಶ್ನೆ, ನಮ್ಮ ಉತ್ತರ: ಅಡ್ಡಗಾಳಿಗೆ ಬೈಕ್ ಓಲಾಡಿದ್ರೆ ಏನು ಮಾಡ್ಬೇಕು?

ಮಳೆಗಾಲ ಹತ್ರ ಬಂತು ಅಂದ್ರೆ ಈ ಅಂಕಣಕ್ಕೆ ಟೈರು, ಬ್ರೇಕು, ರೇನ್‌ಕೋಟು ಅಂತ ಪ್ರಶ್ನೆಗಳು ಬರ್ತವೆ. ಈ ಸಲ ಗಾಳಿ ಬಗ್ಗೆ ಬಂದಿರೋ ಪತ್ರಗಳೇ ಬೇಕಾದಷ್ಟಿವೆ, ಅದಕ್ಕೆ ಇಡೀ ಪುಟ ಗಾಳಿಗೇ ಕೊಟ್ಟಿದೀವಿ. ಆಷಾಢದ ಗಾಳಿ ಮಲೆನಾಡಿನೋರಿಗೆ ಹೊಸದೇನಲ್ಲ, ಆದ್ರೆ ಬೈಕ್ ಮೇಲೆ ಕೂತಾಗ ಆ ಗಾಳಿ ಏನು ಮಾಡತ್ತೆ, ಆಗ ಕೈ ಏನು ಮಾಡಬೇಕು ಅನ್ನೋದನ್ನ ಡ್ರೈವಿಂಗ್ ಕಲಿಸುವಾಗ ಹೇಳಿಕೊಡೋದು ತುಂಬಾ ಕಮ್ಮಿ.

ಪ್ರಶ್ನೆ: ಸಾರ್, ನನ್ನ ಹತ್ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕ್ ಇದೆ, ಎರಡೂ ಕಡೆ ಪ್ಯಾನಿಯರ್ ಬಾಕ್ಸು, ಹಿಂದೆ ಟಾಪ್ ಬಾಕ್ಸು ಹಾಕ್ಸಿದೀನಿ. ಹೋದ ಆಷಾಢದಲ್ಲಿ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗಿ ಹೈವೇ ಹತ್ತಿದ್ಮೇಲೆ ಬೈಕು ಪಕ್ಕಕ್ಕೆ ಎಳೀತಾನೇ ಇತ್ತು, ಹಿರಿಯೂರು ಮುಟ್ಟೋಷ್ಟರಲ್ಲಿ ಭುಜ ಎಲ್ಲ ನೋವು. ಭಾರದ ಬೈಕಿಗೆ ಗಾಳಿ ಏನೂ ಮಾಡಲ್ಲ ಅಂತಾರಲ್ಲ, 200 ಕೆಜಿ ಬೈಕಿಗೆ ಹೀಗ್ಯಾಕೆ? (ವಿನೋಬನಗರ, ಶಿವಮೊಗ್ಗದಿಂದ ಒಬ್ಬ ಓದುಗರು)

ಉತ್ತರ: ಭಾರದ ಬೈಕಿಗೆ ಗಾಳಿ ಏನೂ ಮಾಡಲ್ಲ ಅನ್ನೋದು ಅರ್ಧ ನಿಜ. ಭಾರ ಇದ್ರೆ ನೂಕಿದ್ದಕ್ಕೆ ನಿಧಾನಕ್ಕೆ ಅಲುಗಾಡತ್ತೆ, ಅಷ್ಟು ಹೌದು, ಆದ್ರೆ ಗಾಳಿ ತೂಕ ನೋಡಿ ನೂಕಲ್ಲ, ಪಕ್ಕದಿಂದ ನೋಡಿದ್ರೆ ಎಷ್ಟು ಅಗಲ ಕಾಣತ್ತೋ ಅದನ್ನ ನೋಡಿ ನೂಕತ್ತೆ. ನಿಮ್ಮ ಬೈಕಿಗೆ ಎತ್ತರದ ಟ್ಯಾಂಕು, ವಿಂಡ್‌ಶೀಲ್ಡು, ಅದರ ಮೇಲೆ ಮೂರು ಬಾಕ್ಸು, ಜಾಕೆಟ್ ಹಾಕಿರೋ ನೀವು, ಎಲ್ಲ ಸೇರಿ ಒಂದು ಗೋಡೆನೇ ಆಯ್ತು. ಪ್ರಪಂಚದ ದೊಡ್ಡ ಟೂರಿಂಗ್ ಬೈಕ್ ಅಂತ ಹೆಸರಾಗಿರೋ ಹೋಂಡಾ ಗೋಲ್ಡ್ ವಿಂಗ್ ಸುಮಾರು 390 ಕೆಜಿ ಇದೆ, ಅದು ಓಡಿಸೋರೂ ಅಡ್ಡಗಾಳಿಗೆ ಹುಷಾರಾಗೇ ಇರ್ತಾರೆ, ಯಾಕಂದ್ರೆ ಅದರ ಫೇರಿಂಗು (ಮುಂಭಾಗ ಮುಚ್ಚೋ ಹಲಗೆ), ಬಾಕ್ಸುಗಳು ಅಷ್ಟೇ ದೊಡ್ಡವು.

ಲೆಕ್ಕ ಸ್ವಲ್ಪ ನೋಡಿ, ಕಷ್ಟ ಏನಿಲ್ಲ. ಗಾಳಿಯ ವೇಗ ಎರಡು ಪಟ್ಟಾದ್ರೆ ಅದರ ಒತ್ತಡ ನಾಲ್ಕು ಪಟ್ಟಾಗತ್ತೆ. ಗಂಟೆಗೆ 36 ಕಿಮೀ ಗಾಳಿ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 6 ಕೆಜಿ ತೂಕದಷ್ಟು ಒತ್ತತ್ತೆ, ಅದೇ 72 ಆದ್ರೆ ಸುಮಾರು 24 ಕೆಜಿ. ಈಗ ನೀವೂ ಓಡ್ತಾ ಇದೀರಲ್ಲ, ಬೈಕಿನ ವೇಗವೂ ಇದಕ್ಕೆ ಸೇರತ್ತೆ, ಎರಡರ ದಿಕ್ಕು ಬೇರೆ ಆದ್ರಿಂದ ನೇರ ಕೂಡೋ ಲೆಕ್ಕ ಮಾತ್ರ ಅಲ್ಲ. ಪಕ್ಕದಿಂದ 40ರಲ್ಲಿ ಗಾಳಿ ಬೀಸ್ತಿದೆ, ನೀವು 80ರಲ್ಲಿ ಹೋಗ್ತಿದೀರಿ ಅಂದ್ರೆ ಬೈಕಿಗೆ ತಾಗೋದು ಸುಮಾರು 90 ಕಿಮೀ ವೇಗದ ಗಾಳಿ, ಮುಂದಿನಿಂದ ಓರೆಯಾಗಿ ಬಂದು ಹೊಡೆಯತ್ತೆ. ಅದೇ 50ಕ್ಕೆ ಇಳಿಸಿದ್ರೆ ತಾಗೋ ಗಾಳಿ 64ರ ಹತ್ರ. ಪಕ್ಕದ ನೂಕು ಅಂದಾಜು ಕಾಲು ಭಾಗಕ್ಕಿಂತ ಜಾಸ್ತಿನೇ ಕಮ್ಮಿ ಆಗತ್ತೆ. ಇನ್ನೊಂದು ವಿಷಯ ಏನಂದ್ರೆ 80ರಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ಹೋಗ್ತೀರಿ, 50ರಲ್ಲಿ 14 ಮೀಟರ್. ಗಾಳಿ ಹೊಡೆದದ್ದು ಗೊತ್ತಾಗಿ ಕೈ ಕೆಲಸ ಮಾಡೋಷ್ಟರಲ್ಲಿ ನಿಮಗೆ ಸಿಗೋ ರಸ್ತೆ ಇಷ್ಟೇ.

ಭುಜ ನೋವು ಬಂದಿದ್ದು ಯಾಕೆ ಅಂದ್ರೆ ಹ್ಯಾಂಡಲ್ ಬಿಗಿಯಾಗಿ ಹಿಡ್ಕೊಂಡಿದ್ರಿ, ಅಷ್ಟೇ. ಹೆದರಿಕೆ ಆದಾಗ ಎಲ್ರೂ ಹಾಗೇ ಹಿಡೀತಾರೆ. ಆದ್ರೆ ಹಾಗೆ ಹಿಡಿದಾಗ ಗಾಳಿ ನಿಮ್ಮ ಎದೆಗೆ, ಭುಜಕ್ಕೆ ಹೊಡೆದ ಏಟು ನೇರ ತೋಳಿಂದ ಹ್ಯಾಂಡಲ್‌ಗೆ ಹೋಗತ್ತೆ, ಹ್ಯಾಂಡಲ್ ಅಲ್ಲಾಡತ್ತೆ, ಬೈಕ್ ಓಲಾಡತ್ತೆ, ಅದನ್ನ ನೋಡಿ ನೀವು ಇನ್ನೂ ಬಿಗಿ ಹಿಡೀತೀರಿ. ಮಂಡಿಯಲ್ಲಿ ಟ್ಯಾಂಕನ್ನ ಒತ್ತಿ ಹಿಡೀರಿ, ಮೊಣಕೈ ಸ್ವಲ್ಪ ಮಡಚಿ ಸಡಿಲ ಬಿಡಿ, ಮೈ ಸ್ವಲ್ಪ ಬಗ್ಗಿಸಿ. ದೇಹ ಬೈಕಿಗೆ ಅಂಟಿಕೊಂಡಿರಬೇಕು, ಕೈ ಮಾತ್ರ ಹಗುರ ಇರ್ಬೇಕು.

ಇನ್ನು ಮುಖ್ಯವಾದ್ದು. ಎಡಗಡೆಯಿಂದ ಗಾಳಿ ಬಂದ್ರೆ ಎಡಗೈ ಹಿಡಿಯನ್ನ ಮುಂದಕ್ಕೆ ಮೆಲ್ಲಗೆ ಒತ್ತಿ, ಬೈಕು ಎಡಕ್ಕೆ ಅಂದ್ರೆ ಗಾಳಿ ಕಡೆಗೆ ವಾಲತ್ತೆ. ಬಲಗಡೆಯಿಂದ ಬಂದ್ರೆ ಬಲಗೈ. ಇಂಗ್ಲಿಷಲ್ಲಿ ಕೌಂಟರ್‌ಸ್ಟೀರಿಂಗ್ ಅಂತಾರಲ್ಲ ಅದೇ ಇದು, ತಿರುವಿನಲ್ಲಿ ನೀವು ಗೊತ್ತಿಲ್ದೇನೇ ಮಾಡ್ತಿರ್ತೀರಿ. ಒಂದೇ ಸಮ ಗಾಳಿ ಬೀಸ್ತಿದ್ರೆ ಬೈಕು ನೇರ ರಸ್ತೆಯಲ್ಲೂ ವಾಲಿಕೊಂಡೇ ಹೋಗ್ಬೇಕು, ಅದು ಸರಿಯಾದ ನಡಿಗೆನೇ, ಅದನ್ನ ನೆಟ್ಟಗೆ ನಿಲ್ಸೋಕೆ ಒದ್ದಾಡಬೇಡಿ. ಬೈಕು, ನೀವು, ಲಗೇಜು ಸೇರಿ 300 ಕೆಜಿ, ಪಕ್ಕದ ನೂಕು 30 ಕೆಜಿಯಷ್ಟು ಅಂದ್ಕೊಂಡ್ರೆ ವಾಲು ಹತ್ತತ್ರ 6 ಡಿಗ್ರಿ. ಗಾಳಿಗೆ ಛತ್ರಿ ಹಿಡಿದು ನಡೆಯುವಾಗ ನಾವು ಗಾಳಿ ಕಡೆಗೇ ಬಾಗ್ತೀವಲ್ಲ ಹಾಗೇನೇ, ಮತ್ತೆ ಗಾಳಿ ದಿಢೀರ್ ಅಂತ ನಿಂತ್ರೆ ಅದೇ ಕಡೆಗೆ ಮುಗ್ಗರಿಸ್ತೀವಲ್ಲ, ಬೈಕಲ್ಲೂ ಅಪಾಯ ಇರೋದು ಅಲ್ಲೇ. ಸಮ ಗಾಳಿ ಸ್ವಲ್ಪ ಜೋರಿದ್ರೂ ಒಗ್ಗಿಕೊಳ್ಳಬಹುದು, ಬಿಟ್ಟು ಬಿಟ್ಟು ಹೊಡೆಯೋ ಗಾಳಿನೇ ಕಷ್ಟ. ಚಿತ್ರದುರ್ಗದ ಗುಡ್ಡಗಳ ಮೇಲೆ ವಿಂಡ್‌ಮಿಲ್ ನೋಡಿದ್ರಲ್ಲ, ಗಾಳಿ ಚೆನ್ನಾಗಿ ಸಿಗೋ ಜಾಗ ಹುಡುಕೇ ಅವನ್ನ ನಿಲ್ಸೋದು. ಕನ್ಯಾಕುಮಾರಿಗೆ ಹೋಗೋರಿಗೆ ನಾಗರಕೋಯಿಲ್ ಮುಂಚೆ ಮುಪ್ಪಂದಲ್ ಹತ್ರಾನೂ ಇದೇ ಕಥೆ. ವಿಂಡ್‌ಮಿಲ್ ಸಾಲು ಕಂಡ ತಕ್ಷಣ ಸ್ಪೀಡ್ ಇಳಿಸೋ ಅಭ್ಯಾಸ ಮಾಡ್ಕೊಳ್ಳಿ.

ಟಾಪ್ ಬಾಕ್ಸ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗೇ ಹೇಳ್ತೀನಿ, ಮಳೆಗಾಲದ ಲಾಂಗ್ ರೈಡಿಗೆ ಅದು ಬೇಡ, ಮನೇಲಿ ಬಿಟ್ಟು ಹೋಗಿ. ಎತ್ತರದಲ್ಲಿ ಇರತ್ತೆ, ಹಿಂದಿನ ಚಕ್ರದ ಆಕ್ಸಲ್‌ಗಿಂತ ಹಿಂದೆ ಇರತ್ತೆ, ಅದರಲ್ಲಿ ತೂಕ ತುಂಬಿದಷ್ಟೂ ಮುಂದಿನ ಚಕ್ರ ಹಗುರ ಆಗತ್ತೆ, ಮುಂದೆ ಹಗುರ ಆದ ಬೈಕು ಗಾಳಿಗೆ ಸುಲಭಕ್ಕೆ ಸಿಕ್ಕತ್ತೆ. ಭಾರದ ಸಾಮಾನು ಪ್ಯಾನಿಯರ್ ತಳಕ್ಕೆ ಹಾಕಿ, ಎರಡೂ ಕಡೆ ತೂಕ ಸಮ ಇರ್ಲಿ, ಬಾಕಿ ಉಳಿದಿದ್ದು ಸೀಟ್ ಮೇಲೆ ಚಪ್ಪಟೆಯಾಗಿ ಕಟ್ಟಿ.

ಪ್ರಶ್ನೆ: ಅಣ್ಣಾ, ಶರಾವತಿ ಹಿನ್ನೀರಿನ ಸಿಗಂದೂರು ಸೇತುವೆ ಮೇಲೆ ಬೈಕಲ್ಲಿ ಹೋಗುವಾಗ ಮಧ್ಯಕ್ಕೆ ಬರ್ತಿದ್ದಂಗೆ ಗಾಳಿ ಒಂದೇ ಸಲ ಜೋರಾಗತ್ತೆ. ಅಂಬಾರಗೋಡ್ಲು ದಡದಲ್ಲಿ ಏನೂ ಇರಲ್ಲ. ಯಾಕೆ ಹೀಗೆ? (ಸಾಗರದಿಂದ)

ಉತ್ತರ: ದಡದಲ್ಲಿ ಕಾಡು, ಗುಡ್ಡ ಗಾಳಿನ ತಡೀತವೆ. ಹಿನ್ನೀರಿನ ಮೇಲೆ ಅದನ್ನ ತಡೆಯೋಕೆ ಏನಿದೆ ಹೇಳಿ. ನೀರಿನ ಮೇಲ್ಮೈ ನೆಲಕ್ಕಿಂತ ನುಣುಪು, ಗಾಳಿಗೆ ಉಜ್ಜು ಕಮ್ಮಿ, ಅದಕ್ಕೆ ವೇಗ ಉಳಿಸಿಕೊಂಡು ಬರತ್ತೆ, ಜೊತೆಗೆ ಸೇತುವೆ ನೀರಿಂದ ಎತ್ತರದಲ್ಲಿದೆ, ನೆಲಮಟ್ಟಕ್ಕಿಂತ ಮೇಲೆ ಹೋದಷ್ಟೂ ಗಾಳಿ ಜೋರೇ. ಲಿಂಗನಮಕ್ಕಿ ಡ್ಯಾಮ್ ತುಂಬಿದಾಗ ಅಲ್ಲಿ ಎಷ್ಟು ದೂರದವರೆಗೆ ಬರೀ ನೀರೇ ಕಾಣತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

2025ರ ಜುಲೈ 14ಕ್ಕೆ ಉದ್ಘಾಟನೆ ಆದ ಸೇತುವೆ ಅದು, ಉದ್ದ 2.44 ಕಿಮೀ. ಲಾಂಚಿಗೆ ಕಾದು ಕಾದು ಸಾಕಾಗಿದ್ದ ತುಮರಿ ಕಡೆಯವರಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಸಾಗರದವರಿಗೆ ಗೊತ್ತೇ ಇದೆ. ಆದ್ರೆ ಲಾಂಚಲ್ಲಿ ಬೈಕು ಸ್ಟ್ಯಾಂಡ್ ಹಾಕಿ ನಿಲ್ಸಿ ಹೋಗ್ತಿದ್ವಿ, ಈಗ ಅದೇ ಗಾಳಿಯಲ್ಲಿ ಓಡಿಸ್ಕೊಂಡು ಹೋಗ್ತಿದೀವಿ, ಆ ವ್ಯತ್ಯಾಸ ತಲೇಲಿ ಇಟ್ಕೊಳ್ಳಿ. ಖಾಲಿ ರಸ್ತೆ, ಹೊಸ ಡಾಂಬರು ಅಂತ 70ರಲ್ಲಿ ಹೋದ್ರೆ ಆ ಸೇತುವೆ ದಾಟೋಕೆ ಎರಡು ನಿಮಿಷದ ಮೇಲೆ ಸ್ವಲ್ಪ ಬೇಕು, 40ರಲ್ಲಿ ಹೋದ್ರೆ ಮೂರೂವರೆ ನಿಮಿಷ ಚಿಲ್ಲರೆ. ಒಂದೂವರೆ ನಿಮಿಷ ಉಳಿಸಿ ಏನು ಮಾಡೋದಿದೆ ಮಾರಾಯ್ರೆ. ಲೇನ್ ಮಧ್ಯದಲ್ಲಿ ಹೋಗಿ, ಎರಡೂ ಕಡೆ ತಪ್ಪಿಸಿಕೊಳ್ಳೋಕೆ ಜಾಗ ಇರ್ಲಿ. ಕೇಬಲ್ ಕಟ್ಟಿರೋ ದೊಡ್ಡ ಕಂಬಗಳ ಪಕ್ಕ ಹೋಗುವಾಗ ಗಾಳಿ ಒಂದು ಕ್ಷಣ ತಪ್ಪಿ ಮತ್ತೆ ಹೊಡೆಯಬಹುದು, ಅಲ್ಲಿ ಕೈ ಬಿಗಿಯಾಗೋಕೆ ಬಿಡಬೇಡಿ. ಗಾಳಿ ಜೋರಿದ್ದಾಗ ಫೋಟೋಗೆ ಅಂತ ಸೇತುವೆ ಮೇಲೆ ಬೈಕ್ ನಿಲ್ಸೋದಂತೂ ಬೇಡವೇ ಬೇಡ, ಸೈಡ್ ಸ್ಟ್ಯಾಂಡಲ್ಲಿ ನಿಂತ ಬೈಕನ್ನ ಗಾಳಿ ಕೆಡವಿ ಹಾಕತ್ತೆ, ಹಿಂದೆ ಬರೋರಿಗೂ ಅದು ಅಪಾಯ.

ಪ್ರಶ್ನೆ: ಮರವಂತೆ ಬೀಚ್ ರಸ್ತೆಯಲ್ಲಿ ನನ್ನ ಹಳೇ ಸ್ಪ್ಲೆಂಡರ್ ಆರಾಮಾಗಿ ಹೋಯ್ತು, ಜೊತೆಗಿದ್ದ ಫ್ರೆಂಡ್ ತನ್ನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್‌ಗೆ ದೊಡ್ಡ ವಿಂಡ್‌ಶೀಲ್ಡ್ ಹಾಕ್ಸಿದಾನೆ, ಅವನ ಬೈಕ್ ಹೆಚ್ಚು ಅಲ್ಲಾಡ್ತಿತ್ತು. ಇದು ಸಾಧ್ಯನಾ? (ತೀರ್ಥಹಳ್ಳಿಯಿಂದ)

ಉತ್ತರ: ಸಾಧ್ಯ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ಮಧ್ಯೆ ಹೆದ್ದಾರಿ 66. ರಸ್ತೆ ದಕ್ಷಿಣದಿಂದ ಉತ್ತರಕ್ಕೆ ಇದೆ, ಮುಂಗಾರಿನ ಗಾಳಿ ನೈಋತ್ಯದಿಂದ ಬರತ್ತೆ, ಅಂದ್ರೆ ಕುಂದಾಪುರದಿಂದ ಬೈಂದೂರಿಗೆ ಹೋಗುವಾಗ ಎಡಗಡೆಯಿಂದ ಬಂದು ಹೊಡೆಯತ್ತೆ. ಸ್ಪ್ಲೆಂಡರ್ 112 ಕೆಜಿ ಆಸುಪಾಸು, ಹಗುರ ನಿಜ, ಆದ್ರೆ ಮೈ ಸಣ್ಣದು, ಗಾಳಿಗೆ ಸಿಗೋ ಜಾಗ ಕಮ್ಮಿ, ಮತ್ತೆ ನೀವು ಬಹುಶಃ 50ರಲ್ಲಿ ಹೋಗ್ತಿದ್ರಿ.

ನಿಮ್ಮ ಫ್ರೆಂಡಿನ ಬೈಕಲ್ಲಿ ವಿಂಡ್‌ಶೀಲ್ಡ್ ಹ್ಯಾಂಡಲ್ ಜೊತೆಗೇ ತಿರುಗೋ ಹಾಗೆ ಕೂತಿರತ್ತೆ. ಆ ಹಲಗೆಗೆ ಗಾಳಿ ಹೊಡೆದ್ರೆ ಅದು ಸೀದಾ ಹ್ಯಾಂಡಲನ್ನೇ ತಿರುಗ್ಸತ್ತೆ. ಫ್ರೇಮಿಗೆ ಬೋಲ್ಟ್ ಮಾಡಿರೋ ಫೇರಿಂಗ್‌ನಲ್ಲಿ ಈ ತೊಂದರೆ ಕಮ್ಮಿ, ಗಾಳಿ ಇಡೀ ಬೈಕನ್ನ ನೂಕತ್ತೆ, ಹ್ಯಾಂಡಲ್‌ಗೆ ನೇರವಾಗಿ ತಾಗಲ್ಲ. ಅವರಿಗೆ ಹೇಳಿ, ವಿಂಡ್‌ಶೀಲ್ಡ್ ಬೇಕೇ ಬೇಕು ಅಂದ್ರೆ ಗಿಡ್ಡದು ಹಾಕ್ಸಲಿ. ಮತ್ತೆ ಹೆಲ್ಮೆಟ್ಟಿಗೆ ಮುಂದೆ ಉದ್ದ ಕೊಕ್ಕಿನಂಥ ಪೀಕ್ ಇದ್ರೆ ಅದನ್ನೂ ಬಿಚ್ಚಿಡೋಕೆ ಹೇಳಿ, ಅಡ್ಡಗಾಳಿಗೆ ಅದು ಕತ್ತನ್ನೇ ತಿರುಗ್ಸತ್ತೆ.

ಪ್ರಶ್ನೆ: ನಾನು ಟೀಚರ್, ದಿನಾ ಸ್ಕೂಟರಲ್ಲಿ ಹೋಗಿ ಬರ್ತೀನಿ. ಕೆರೆ ಏರಿ ಮೇಲೆ, ಗದ್ದೆ ಬಯಲಿನ ರಸ್ತೆಯಲ್ಲಿ ಗಾಳಿಗೆ ತುಂಬಾ ಭಯ ಆಗತ್ತೆ. ಟೂರಿಂಗ್ ಬೈಕಿನೋರಿಗೆ ಹೇಳೋದೆಲ್ಲ ನಮಗೂ ಅನ್ವಯಿಸತ್ತಾ? (ಹೊಸನಗರ ತಾಲ್ಲೂಕಿಂದ)

ಉತ್ತರ: ಟೀಚರ್, ಈ ಪ್ರಶ್ನೆ ಕೇಳಿದ್ದು ತುಂಬಾ ಒಳ್ಳೇದಾಯ್ತು. ಟೂರ್ ಹೋಗೋರು ಗಾಳಿ ಜಾಸ್ತಿ ಇದ್ರೆ ಒಂದು ದಿನ ತಡೆದು ಹೋಗಬಹುದು, ನಿಮ್ಮಂಥವರು ಮಳೆಗಾಲ ಪೂರ್ತಿ ಆ ರಸ್ತೆಯಲ್ಲೇ ಓಡಾಡಬೇಕು. ಸ್ಕೂಟರಿನ ಚಕ್ರ ಸಣ್ಣದು, ಮುಂದೆ ಅಗಲವಾದ ಹಲಗೆ ಇರತ್ತೆ, ಮಂಡಿಯಲ್ಲಿ ಒತ್ತಿ ಹಿಡಿಯೋಕೆ ಟ್ಯಾಂಕ್ ಇರಲ್ಲ. ಹಾಗಾಗಿ ಬೈಕಿಗೆ ಹೇಳಿದ್ದು ನಿಮಗೂ ಅನ್ವಯಿಸತ್ತೆ, ಇನ್ನೂ ಸ್ವಲ್ಪ ಜಾಸ್ತಿನೇ. ಕೆರೆ ಏರಿ ಬರೋ ಮುಂಚೆನೇ 30–35ಕ್ಕೆ ಇಳಿಸಿ, ಅದಕ್ಕಿಂತ ತೀರಾ ಕಮ್ಮಿ ಮಾಡಿದ್ರೆ ಗಾಡಿ ತಾನಾಗಿ ನೆಟ್ಟಗೆ ನಿಲ್ಲೋ ಗುಣ ಕಳ್ಕೊಂಡು ಓಲಾಡತ್ತೆ. ಗಾಳಿ ಬರೋ ಕಡೆಯ ಹಿಡಿಯನ್ನ ಮೆಲ್ಲಗೆ ಮುಂದಕ್ಕೆ ಒತ್ತೋದು ಸ್ಕೂಟರಿಗೂ ಒಂದೇ.

ಎಲ್ಲಕ್ಕಿಂತ ಮೊದಲು ರೇನ್‌ಕೋಟ್ ನೋಡಿ. ಮೇಲಿಂದ ಹೊದ್ದುಕೊಳ್ಳೋ ದೊಗಲೆ ಕೋಟು ಗಾಳಿ ತುಂಬಿ ಊದಿಕೊಳ್ಳತ್ತೆ, ಅದರ ಅಂಚು ಹಾರಿ ಹಿಂದಿನ ಚಕ್ರಕ್ಕೆ ಸಿಗೋ ಅಪಾಯ ಬೇರೆ. ಪ್ಯಾಂಟು ಶರ್ಟಿನ ಥರ ಎರಡು ತುಂಡಿನ, ಮೈಗೆ ಹತ್ತಿರ ಕೂರೋದನ್ನ ತಗೊಳ್ಳಿ, ಸೀರೆ ಉಟ್ಟಿದ್ರೆ ಅದರ ಮೇಲೆ ಹಾಕೋಕಾಗೋ ದೊಡ್ಡ ಸೈಜಿನ ಪ್ಯಾಂಟೂ ಸಿಗತ್ತೆ. ಹಿಂದೆ ಯಾರಾದ್ರೂ ಒಂದೇ ಕಡೆ ಕಾಲು ಹಾಕಿ ಕೂತಿದ್ರೆ ಗಾಳಿ ದಿನ ಎರಡೂ ಕಡೆ ಕಾಲು ಹಾಕಿ ಕೂರೋಕೆ ಹೇಳಿ, ಛತ್ರಿ ಬಿಚ್ಚೋಕೆ ಮಾತ್ರ ಖಂಡಿತ ಬಿಡಬೇಡಿ. ಮುಂದಿನ ಹುಕ್ಕಿಗೆ ಭಾರದ ಚೀಲ ನೇತು ಹಾಕೋದೂ ಬೇಡ, ಅದು ಓಲಾಡಿ ಕಾಲಿಗೆ, ಹ್ಯಾಂಡಲ್‌ಗೆ ತಾಗತ್ತೆ, ಸೀಟಿನ ಕೆಳಗೆ ಹಿಡಿಸಿದಷ್ಟು ಹಿಡಿಸಿ. ಭಯ ಆದ ದಿನ ಪಕ್ಕಕ್ಕೆ ನಿಲ್ಸಿ ಐದು ನಿಮಿಷ ಕಾಯಿರಿ, ಮಳೆ ಮೋಡದ ಮುಂದೆ ಬರೋ ಜೋರು ಗಾಳಿ ತುಂಬ ಹೊತ್ತು ಇರಲ್ಲ. ಸ್ಕೂಲಿಗೆ ಲೇಟಾದ್ರೆ ಆಗ್ಲಿ.

ಪ್ರಶ್ನೆ: ಗಾಳಿ ಇದ್ದಾಗ ಲಾರಿ ಓವರ್‌ಟೇಕ್ ಮಾಡೋವಾಗ ಲಾರಿ ನಮ್ಮನ್ನ ತನ್ನ ಕಡೆಗೆ ಎಳ್ಕೊಂಡ ಹಾಗೆ ಆಗತ್ತಲ್ಲ, ಅದು ಭ್ರಮೆನಾ? (ಕೊಪ್ಪದಿಂದ)

ಉತ್ತರ: ಭ್ರಮೆ ಅಲ್ಲ. ಗಾಳಿ ಎಡಗಡೆಯಿಂದ ಬರ್ತಿದೆ ಅಂದ್ಕೊಳ್ಳಿ, ನೀವು ಎಡಕ್ಕೆ ವಾಲಿಕೊಂಡು ಹೋಗ್ತಿರ್ತೀರಿ. ಲಾರಿಯ ಬಲಪಕ್ಕಕ್ಕೆ ಬಂದ ತಕ್ಷಣ ಅದರ ಮೈ ಗಾಳಿನ ಪೂರ್ತಿ ತಡೀತು, ನಿಮ್ಮ ವಾಲು ಮಾತ್ರ ಹಾಗೇ ಇದೆ, ಹಾಗಾಗಿ ಬೈಕು ಲಾರಿ ಕಡೆಗೆ ಹೋಗತ್ತೆ. ಅದಕ್ಕೆ ನೀವು ಬಲಕ್ಕೆ ಸರಿಪಡಿಸಿಕೊಳ್ತೀರಿ, ಅಷ್ಟರಲ್ಲಿ ಲಾರಿಯ ಮುಂಭಾಗ ದಾಟ್ತೀರಿ, ತಡೆದಿದ್ದ ಗಾಳಿ ಒಂದೇ ಏಟಿಗೆ ಬಂದು ಎದುರುಗಡೆ ಲೇನಿಗೆ ನೂಕತ್ತೆ. ಈ ಎರಡನೇ ಏಟಿಗೇ ಜನ ಬೀಳೋದು. ಮೊದಲೇ ಗೊತ್ತಿದ್ರೆ ಕೈ ತಯಾರಿರತ್ತೆ. ಲಾರಿಯಿಂದ ಸಾಧ್ಯವಾದಷ್ಟು ಅಂತರ ಬಿಟ್ಟು, ಅದರ ಪಕ್ಕ ಹೆಚ್ಚು ಹೊತ್ತು ಉಳಿಯದೆ ದಾಟಿ, ಮುಂಭಾಗ ದಾಟೋ ಮುಂಚೆನೇ ಎಡಗೈ ಒತ್ತೋಕೆ ಸಿದ್ಧ ಇರ್ಲಿ. ನಮ್ಮ ಕಡೆ ಎರಡು ಲೇನಿನ ಕಿರಿದಾದ ರಸ್ತೆಗಳಲ್ಲಿ ಅಷ್ಟು ಅಂತರ ಸಿಗೋದೇ ಕಷ್ಟ, ಆಗ ಓವರ್‌ಟೇಕ್ ಬಿಟ್ಟುಬಿಡಿ, ಹಿಂದೆನೇ ಹೋಗಿ.

ಎದುರಿಂದ ಬಸ್ ಬಂದಾಗ್ಲೂ ಅಷ್ಟೇ, ಬಸ್ಸಿನ ಮುಖ ತಳ್ಳಿದ ಗಾಳಿ ಮೊದಲು ನಿಮ್ಮನ್ನ ಎಡಕ್ಕೆ ನೂಕತ್ತೆ, ರಸ್ತೆ ಅಂಚಲ್ಲಿ ಡಾಂಬರು ಒಡೆದು ಮಣ್ಣು ಕೆಸರಾಗಿರೋ ಕಡೆ ಅದಕ್ಕೆ ಜಾಗ ಬಿಟ್ಟೇ ಓಡಿಸಿ.

ಪ್ರಶ್ನೆ: ಜುಲೈನಲ್ಲಿ ಗೆಳೆಯರ ಜೊತೆ ಆಗುಂಬೆ ಇಳಿದು ಉಡುಪಿಗೆ ಹೋಗೋ ಪ್ಲಾನ್ ಇದೆ. ಗಾಳಿ ಎಷ್ಟಿದ್ರೆ ಹೋಗಬಾರದು, ಅದನ್ನ ಅಳೆಯೋದು ಹೇಗೆ? (ಭದ್ರಾವತಿಯಿಂದ)

ಉತ್ತರ: ಮೀಟರ್ ಏನೂ ಬೇಡ, ಮರ ನೋಡಿ. ಬ್ಯೂಫೋರ್ಟ್ ಅನ್ನೋ ಬ್ರಿಟಿಷ್ ನೌಕಾಧಿಕಾರಿ 19ನೇ ಶತಮಾನದ ಶುರುವಿನಲ್ಲಿ ಮಾಡಿದ ಗಾಳಿಯ ಅಳತೆಪಟ್ಟಿ ಇವತ್ತಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ಸಣ್ಣ ಮರಗಳು ಓಲಾಡಿದ್ರೆ ಗಾಳಿ ಗಂಟೆಗೆ 29ರಿಂದ 38 ಕಿಮೀ, ದೊಡ್ಡ ಕೊಂಬೆಗಳು ಅಲ್ಲಾಡಿ ತಂತಿ ಶಿಳ್ಳೆ ಹೊಡೆದ್ರೆ 39ರಿಂದ 49, ಇಡೀ ಮರವೇ ಅಲ್ಲಾಡಿ ಎದುರುಗಾಳಿಗೆ ನಡೆಯೋಕೆ ಕಷ್ಟ ಆದ್ರೆ 50ರಿಂದ 61, ರೆಂಬೆ ಮುರಿದು ಬೀಳೋಕೆ ಶುರುವಾದ್ರೆ 62ರ ಮೇಲೆ. ಅಡಿಕೆ ಮರ ನೋಡಿ ಅಂದಾಜು ಮಾಡಬೇಡಿ, ಅದು ಸಣ್ಣ ಗಾಳಿಗೂ ಬಾಗತ್ತೆ, ಹಲಸು, ಮಾವಿನ ದೊಡ್ಡ ಕೊಂಬೆ ನೋಡಿ. ಇಡೀ ಮರ ಅಲ್ಲಾಡ್ತಿದ್ರೆ ಲಗೇಜು ಕಟ್ಟಿಕೊಂಡು ಹೋಗೋದು ಬೇಡ ಅಂತ ನಾನು ಹೇಳ್ತೀನಿ. ಹವಾಮಾನ ಇಲಾಖೆ ಆರೆಂಜ್, ರೆಡ್ ಅಲರ್ಟ್ ಕೊಟ್ಟ ದಿನ ಅಂತೂ ಯೋಚನೆನೇ ಬೇಡ.

ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು, ಘಾಟಿ ಮುಖ ಪಡುವಣಕ್ಕೆ, ಸಮುದ್ರದ ಗಾಳಿ ಕಣಿವೆ ಹತ್ತಿಕೊಂಡು ಬರೋದು ಆ ಕಡೆಯಿಂದಾನೇ. ಪ್ರತಿ ತಿರುವಿಗೂ ನಿಮ್ಮ ದಿಕ್ಕು ಬದಲಾಗತ್ತೆ, ಹಾಗಾಗಿ ಎಡಕ್ಕಿದ್ದ ಗಾಳಿ ಬಲಕ್ಕೆ ಬರತ್ತೆ, ಗುಡ್ಡದ ಮರೆಯಲ್ಲಿ ಪೂರ್ತಿ ನಿಂತೇ ಹೋಗತ್ತೆ. ಅಲ್ಲಿ ಹೇಗೂ ಸ್ಪೀಡ್ ಇರಲ್ಲ, ಅದಕ್ಕೆ ಘಾಟಿಯಲ್ಲಿ ಅಡ್ಡಗಾಳಿಗಿಂತ ನನಗೆ ಹೆದರಿಕೆ ಇರೋದು ಬೀಳೋ ಮರದ ಬಗ್ಗೆ. ಮಳೆಗೆ ನೆಲ ನೆನೆದು ಬೇರು ಸಡಿಲ ಆಗಿರತ್ತೆ, ಗಾಳಿ ಒಂದು ನೂಕು ಕೊಟ್ರೆ ಸಾಕು. ತೀರ್ಥಹಳ್ಳಿ ರಸ್ತೆ ಬದಿ ಅಕೇಶಿಯಾ ಪ್ಲಾಂಟೇಶನ್ ಇರೋ ಕಡೆ, ಒಣಗಿದ ಮರ ಇರೋ ಕಡೆ ಮಳೆಗೆ ಅಂತ ನಿಲ್ಲಬೇಡಿ, ಊರು ಸಿಗೋವರೆಗೆ ಹೋಗಿ ಗಟ್ಟಿ ಕಟ್ಟಡದಲ್ಲಿ ನಿಲ್ಲಿ. ತಂತಿ ಹರಿದು ಬಿದ್ದಿದ್ರೆ ದೂರದಲ್ಲೇ ನಿಲ್ಸಿ ಮೆಸ್ಕಾಂಗೆ ಫೋನ್ ಮಾಡಿ, ಪಕ್ಕದಿಂದ ದಾಟೋ ಸಾಹಸ ಬೇಡ. ಗುಂಪಲ್ಲಿ ಹೋಗೋರು ಜೋಡಿ ಜೋಡಿಯಾಗಿ ಅಕ್ಕಪಕ್ಕ ಓಡಿಸಬೇಡಿ, ಒಬ್ಬರ ಹಿಂದೆ ಒಬ್ಬರು, ನಡುವೆ ಎಂದಿನದಕ್ಕಿಂತ ಜಾಸ್ತಿ ಅಂತರ ಬಿಡಿ, ಯಾಕಂದ್ರೆ ಗಾಳಿಗೆ ಒಬ್ಬರು ಅರ್ಧ ಲೇನ್ ಸರಿದ್ರೂ ಇನ್ನೊಬ್ಬರಿಗೆ ತಾಗತ್ತೆ.

ಪ್ರಶ್ನೆ: ಸ್ಟೀರಿಂಗ್ ಡ್ಯಾಂಪರ್ ಹಾಕ್ಸಿದ್ರೆ ಅಡ್ಡಗಾಳಿ ತೊಂದರೆ ಹೋಗತ್ತಾ? ಆನ್‌ಲೈನಲ್ಲಿ ತರಿಸೋಣ ಅಂತಿದೀನಿ. (ಶಿಕಾರಿಪುರದಿಂದ)

ಉತ್ತರ: ಹೋಗಲ್ಲ. ಹ್ಯಾಂಡಲ್ ಪಟಪಟ ಅಲ್ಲಾಡೋದನ್ನ ಡ್ಯಾಂಪರ್ ತಡೆಯತ್ತೆ, ಗಾಳಿ ಇಡೀ ಬೈಕನ್ನ ನೂಕೋದನ್ನ ತಡೆಯೋಕೆ ಅದರಿಂದ ಆಗಲ್ಲ. ಆ ದುಡ್ಡಲ್ಲಿ ಮೊದಲು ಮೆಕ್ಯಾನಿಕ್ ಹತ್ರ ಕೋನ್ ಸೆಟ್ (ಹ್ಯಾಂಡಲ್ ತಿರುಗೋ ಜಾಗದ ಬೇರಿಂಗು) ನೋಡ್ಸಿ, ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದ್ರೆ ಎಲ್ಲೂ ಹಿಡಿಯಬಾರದು, ಫೋರ್ಕ್ ಹಿಂದೆ ಮುಂದೆ ಎಳೆದ್ರೆ ಕಟ್ ಕಟ್ ಅನ್ನಬಾರದು. ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಬುಷ್ ಸವೆದಿದೆಯಾ ನೋಡ್ಸಿ, ಚೈನ್ ಟೈಟ್ ಮಾಡಿದ ಮೇಲೆ ಹಿಂದಿನ ಚಕ್ರ ನೇರ ಕೂತಿದೆಯಾ ಅಂತ ಎರಡೂ ಕಡೆಯ ಗುರುತು ಹೋಲಿಸಿ. ಟೈರಿನ ಗಾಳಿ ಕಂಪನಿ ಹೇಳಿದಷ್ಟು ಇರ್ಲಿ, ಲಗೇಜು ಮತ್ತೆ ಹಿಂದೆ ಒಬ್ಬರು ಇದ್ರೆ ಎಷ್ಟು ಅಂತ ಬೇರೆ ಅಂಕಿ ಕೊಟ್ಟಿರ್ತಾರೆ, ಮ್ಯಾನ್ಯುಯಲ್‌ನಲ್ಲೋ ಚೈನ್ ಕವರ್ ಸ್ಟಿಕರ್‌ನಲ್ಲೋ ಇರತ್ತೆ. ಇದೆಲ್ಲ ಸರಿ ಇದ್ದೂ ಗಾಳಿ ಇಲ್ಲದ ದಿನ ನೇರ ರಸ್ತೆಯಲ್ಲಿ ಹ್ಯಾಂಡಲ್ ನಡುಗಿದ್ರೆ ಆಗ ಬರೀರಿ, ಯಾವ ಬೈಕು, ಯಾವ ಟೈರು, ಯಾವ ಸ್ಪೀಡಿಗೆ ನಡುಗತ್ತೆ ಅಂತ ಪೂರ್ತಿ ವಿವರ ಕೊಡಿ.